ಪಠ್ಯದ ಪ್ರತಿ ಲಗತ್ತಿಸಿ

ಮೊನ್ನೆ ಅರಸೀಕೆರೆಯ ಅಂಚೆ ಕಚೇರಿಯಲ್ಲಿ ಲಕೋಟೆಯ ಬಾಯಿ ಅಂಟಿಸಲು ಗೋಂದಿನ ಡಬ್ಬಿಗೆ ಬೆರಳು ಅದ್ದಿದೆ. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಹಿಂದೆ ನಿಂತವರು ಗೊಣಗುವವರೆಗೂ ಅಲ್ಲೇ ನಿಂತುಬಿಟ್ಟೆ. ಕೆಲವರಿಗೆ ಮಲ್ಲಿಗೆಯ ವಾಸನೆಗೆ ಹಳೆಯದೆಲ್ಲ ನೆನಪಾಗುತ್ತದಂತೆ. ಆಫೀಸಿನಲ್ಲಿ ಸವೆದ ನನ್ನಂಥವಳಿಗೆ ಗೋಂದೇ ಗತಿ. ನೆನಪಾದದ್ದು ಕರುಣಮ್ಮ ಟೀಚರ ಹಳೆಯ ಅರ್ಜಿ.

ಅವರ ವಿಷಯಕ್ಕೆ ಬರುವ ಮೊದಲು ನನ್ನ ಕೆಲಸ ಏನೆಂದು ನಿಮಗೆ ಹೇಳಬೇಕು. ಅದೇನು ಸುಲಭವಲ್ಲ. ಒಂದು ವಿಶ್ವವಿದ್ಯಾಲಯದಲ್ಲಿ ಕ್ರೈಸ್ತ ಕಲೆಗಳ ಕಾರ್ಯಕ್ರಮಗಳಿಗೆ ಅನುದಾನ ಕೊಡುವ ವಿಭಾಗವೊಂದಿದೆ. ನಾನು ಅದರ ಸಂಯೋಜಕಿ. ಹಾಡುವವರು, ನಾಟಕ ಆಡಿಸುವವರು, ಚರ್ಚಿನ ಗೋಡೆಗೆ ಚಿತ್ರ ಬರೆಯುವವರು ಅರ್ಜಿ ಹಾಕುತ್ತಾರೆ. ಅರ್ಜಿಯಲ್ಲಿ ತಪ್ಪು ಹುಡುಕುವುದು, ಬಿಟ್ಟುಹೋದ ಸಹಿ ಹಾಕಿಸುವುದು, ತಜ್ಞರನ್ನು ಕರೆದುಕೊಂಡು ಹೋಗಿ ಕಾರ್ಯಕ್ರಮ ತೋರಿಸುವುದು, ಕೊನೆಗೆ ವರದಿ ಬರೆಯುವುದು ನನ್ನ ಪಾಲು. ನಾನೋ ಅರಸೀಕೆರೆಯ ಕೊಬ್ಬರಿ ವ್ಯಾಪಾರದ ಮನೆಯವಳು, ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು. ಪರೀಕ್ಷಾ ವಿಭಾಗದಿಂದ ವರ್ಗವಾಗಿ ಈ ಕುರ್ಚಿಗೆ ಬಂದು ಬಿದ್ದೆ. ಇದನ್ನೆಲ್ಲ ವಿವರಿಸಿದಾಗ ಅವ್ವ ಬಹಳ ಹೊತ್ತು ಯೋಚಿಸಿ, "ಅಂದ್ರೆ ನೀನು ಯೇಸುಸ್ವಾಮಿ ಮನೆ ಗುಮಾಸ್ತೆ" ಎಂದಳು. ನನ್ನ ಹುದ್ದೆಯನ್ನು ಇದಕ್ಕಿಂತ ಚೆನ್ನಾಗಿ ಯಾರೂ ವರ್ಣಿಸಿಲ್ಲ.

ನಮ್ಮ ನಿರ್ದೇಶಕರು ಸಜ್ಜನರು. ಅರ್ಜಿಯ ನಮೂನೆಯನ್ನು ರಚಿಸಿದ್ದು ಅವರೇ. ಹೊಸದಾಗಿ ಮನೆ ಕಟ್ಟಿಸಿದವರು ಬಂದವರಿಗೆಲ್ಲ ಕೋಣೆ ಕೋಣೆ ತೋರಿಸುವ ಹಾಗೆ ಅದರ ಒಂದೊಂದು ಕಾಲಮ್ಮನ್ನೂ ತೋರಿಸುತ್ತಿದ್ದರು. ಹನ್ನೆರಡನೆಯ ಕಾಲಮ್ಮು 'ಪಠ್ಯದ ಪ್ರತಿ ಲಗತ್ತಿಸಿ' ಎನ್ನುವುದು. ಆರೇಳು ವರ್ಷದ ಹಿಂದೆ ನಮ್ಮೂರಿನಿಂದಲೇ ಬಂದ ಒಂದು ಅರ್ಜಿಯಲ್ಲಿ ಅದರ ಮುಂದೆ ದುಂಡಗಿನ ಅಕ್ಷರದಲ್ಲಿ ಹೀಗೆ ಬರೆದಿತ್ತು: 'ಪಠ್ಯವು ತಲೆಯಲ್ಲಿದೆ. ಲಗತ್ತಿಸಲು ಆಗುವುದಿಲ್ಲ. ಬಂದು ಕೇಳುವುದು.' ಕೆಳಗೆ ಆ ತಲೆಯ ಪಾಸ್‌ಪೋರ್ಟ್ ಅಳತೆಯ ಫೋಟೋ. ಎಷ್ಟು ಗೋಂದು ಮೆತ್ತಿದ್ದರೆಂದರೆ ಮುಂದಿನ ಎರಡು ಹಾಳೆಗಳೂ ಅಂಟಿಕೊಂಡಿದ್ದವು.

ತಲೆಯನ್ನು ನೋಡಲು ನಾನೇ ಹೋದೆ. ಕರುಣಮ್ಮ ಪ್ರೈಮರಿ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು, ರೈಲ್ವೆ ಕ್ವಾರ್ಟರ್ಸಿನ ಹಿಂದೆ ಮನೆ. ಹರಿಕಥೆಯ ಧಾಟಿಯಲ್ಲಿ, ಕೈಯಲ್ಲಿ ತಾಳ ಹಾಕುವ ಮರದ ಚಿಟಿಕೆ ಹಿಡಿದು ಯೇಸು ಹುಟ್ಟಿದ ಕಥೆ ಮಾಡುತ್ತಿದ್ದರು. ಹಾರ್ಮೋನಿಯಂಗೆ ಜಾವಗಲ್ಲಿನ ರುದ್ರಣ್ಣ; ಆತ ಸೋಮವಾರ ಮಠದ ಭಜನೆಗೂ, ಕ್ರಿಸ್‌ಮಸ್ಸಿನಲ್ಲಿ ಇವರಿಗೂ ಅದೇ ಪೆಟ್ಟಿಗೆ ಹೊತ್ತು ಬರುವವನು. ಇವರ ಕಥೆಯಲ್ಲಿ ತುಂಬು ಬಸುರಿ ಮರಿಯಮ್ಮ ಮತ್ತು ಯೋಸೇಫ ನಮ್ಮ ಪಕ್ಕದ ಬಾಣಾವರದಿಂದ ನಡೆದುಕೊಂಡು ಹೊರಡುತ್ತಿದ್ದರು. ಊರೂರಿನಲ್ಲಿ ಜಾಗ ಕೇಳುತ್ತಾರೆ, ಯಾರೂ ಕೊಡುವುದಿಲ್ಲ. ಕಥೆ ಜಾವಗಲ್ಲಿನಲ್ಲಿ ನಡೆದರೆ ಬಾಣಾವರದವರು ಕಟುಕರು. ಬಾಣಾವರದಲ್ಲಿ ನಡೆದರೆ ಜಾವಗಲ್ಲಿನವರು. ಕೇಳುವವರಿಗೆ ಎರಡೂ ಕಡೆ ಪರಮಾನಂದ. ಅವರು ಅರ್ಜಿ ಹಾಕಿದ್ದಕ್ಕೆ ಕಾರಣ ಬೇರೆ ಇತ್ತು. ಗಂಟಲು ಕೈಕೊಡುತ್ತಿದೆಯೆಂದು ಡಾಕ್ಟರು ಹೇಳಿದ್ದರು. ದನಿ ಪೂರ್ತಿ ಹೋಗುವುದರೊಳಗೆ ಸುತ್ತಲಿನ ನಾಲ್ಕು ಹೆಣ್ಣುಮಕ್ಕಳಿಗೆ ಕಲಿಸಬೇಕೆಂಬುದು ಅವರ ಆಸೆ.

ಇಲ್ಲಿ ನಾನೊಂದು ಉಪಕಾರ ಮಾಡಿದೆ. ಹನ್ನೆರಡನೆಯ ಕಾಲಮ್ಮಿನಿಂದ ಅರ್ಜಿ ಬಿದ್ದುಹೋಗಬಾರದೆಂದು ಎರಡು ಭಾನುವಾರ ಕೂತು ಆ ಕಥೆಯ ಪಠ್ಯವನ್ನು ನಾನೇ ಬರೆದೆ. ಎಂಥ ಪಠ್ಯ ಅಂತೀರಿ! ಬಾಣಾವರ, ಜಾವಗಲ್ಲುಗಳನ್ನು ತೆಗೆದುಹಾಕಿದೆ. ಮರಿಯಮ್ಮನ ಬಾಯಲ್ಲಿ 'ಹೇ ದಯಾನಿಧಿಯೇ' ಎನ್ನಿಸಿದೆ. ಟೈಪು ಮಾಡಿಸಿ ಒಯ್ದು ಸಹಿ ಕೇಳಿದಾಗ ಕರುಣಮ್ಮ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು, ಸಹಿ ಹಾಕಿ ಪೆನ್ನು ಮುಚ್ಚಿಟ್ಟರು. ನಾನು ಅದನ್ನು ಮೆಚ್ಚುಗೆ ಎಂದುಕೊಂಡೆ.

ಹಳೇಬೀಡಿನ ಶಾಲೆಯ ಅಂಗಳದಲ್ಲಿ ಕಥೆ ಏರ್ಪಾಡಾಯಿತು. ಇಬ್ಬರು ತಜ್ಞರು ಮುಂದಿನ ಸಾಲಿನಲ್ಲಿ ನನ್ನ ಪಠ್ಯವನ್ನೂ ಪೆನ್ಸಿಲನ್ನೂ ಹಿಡಿದು ಕೂತರು. ಕರುಣಮ್ಮ ಚಿಟಿಕೆ ತಟ್ಟಿ ಶುರುಮಾಡಿದ ಐದೇ ನಿಮಿಷಕ್ಕೆ ಅವರ ಹಾಳೆಗಳು ಹಿಂದಕ್ಕೂ ಮುಂದಕ್ಕೂ ಹಾರಾಡತೊಡಗಿದವು. ಒಂದು ಸಾಲೂ ಸಿಗುತ್ತಿಲ್ಲ. ಜಾವಗಲ್ಲಿನವರು ಬಾಗಿಲು ಹಾಕಿಕೊಂಡದ್ದಾಯಿತು. ಕೊನೆಗೆ ಗಂಡಹೆಂಡಿರು ದೊಡ್ಡದೊಂದು ಛತ್ರದ ಮುಂದೆ ಬಂದು ನಿಂತರು. ಬಾಗಿಲಲ್ಲಿ ಒಬ್ಬ ಹೆಂಗಸು, ಕೈಯಲ್ಲಿ ಕಾಗದ. ಕರುಣಮ್ಮ ಸೆರಗು ಸರಿಮಾಡಿಕೊಂಡು, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡ ರೀತಿಯಲ್ಲೇ ಆ ಹೆಂಗಸು ನಾನೇ ಎಂದು ನನಗೆ ತಿಳಿದುಹೋಯಿತು.

"ಜಾಗ ಐತಮ್ಮ, ಯಾಕಿಲ್ಲ? ಈ ಅರ್ಜಿ ತುಂಬು. ನಿನ್ ಹೆಸ್ರು? ಗಂಡನ್ ಹೆಸ್ರು? ಹುಟ್ಟೋ ಮಗೀನ ತಂದೆ ಹೆಸ್ರು?"

ಜನ ಬಿದ್ದು ಬಿದ್ದು ನಕ್ಕರು. ನಾನೂ ನಗಲೇಬೇಕಾಯಿತು. ಆಗ ಚಿಟಿಕೆ ನಿಂತಿತು. ಕರುಣಮ್ಮ ಪೆನ್ನು ಹಿಡಿದವರಂತೆ ಕೈ ಎತ್ತಿ, ಬರೆಯಲಾರದೆ, ಹಾಗೇ ನಿಂತರು. ಒಡೆದ ದನಿಯಲ್ಲಿ, ಮರಿಯಮ್ಮನಾಗಿ ಕೇಳಿದರು: "ಆ ಒಂದು ಖಾಲಿ ಬಿಟ್ರೆ ಆಗಾಕಿಲ್ವಾ, ತಾಯಿ?"

ನಗು ನಿಂತಿತು. ಮಕ್ಕಳನ್ನು ಎತ್ತಿಕೊಂಡಿದ್ದ ಹೆಂಗಸರು ಸೆರಗು ಬಾಯಿಗೆ ಹಿಡಿದರು. ರುದ್ರಣ್ಣನ ಬೆರಳು ಒಂದೇ ಸ್ವರದ ಮೇಲೆ ಉಳಿಯಿತು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ತಜ್ಞರಿಗೆ ಕಥೆ ತುಂಬ ಹಿಡಿಸಿತು. ಆದರೆ ಸಲ್ಲಿಸಿದ ಪಠ್ಯಕ್ಕೂ ಆಡಿದ ಮಾತಿಗೂ ತಾಳೆಯಾಗದ ಕಾರಣ ಶಿಫಾರಸು ಮಾಡಲಾಗದೆಂದು ಬರೆದರು. ಪಠ್ಯವೇ ಇಲ್ಲದಿದ್ದರೆ ಅವರು ಬಂದು ಕೇಳಿ ಒಪ್ಪುತ್ತಿದ್ದರೋ ಏನೋ. ನನ್ನ ಉಪಕಾರದಿಂದ ಅದೂ ಹೋಯಿತು. ಮಾರನೆಯ ದಿನ ನಿರ್ದೇಶಕರ ಮುಂದೆ ನಿಂತು, ಅದನ್ನು ಬರೆದವಳು ನಾನು ಎಂದು ಒಪ್ಪಿಕೊಂಡೆ. ಅವರು ತಲೆಯೆತ್ತದೆ, "ಮೊದಲನೇ ಪುಟದಲ್ಲೇ ಗೊತ್ತಾಯ್ತಮ್ಮ, ನಿಮ್ಮ ವರದಿಗಳೂ ಹೀಗೇ ಇರ್ತವೆ" ಎಂದರು. ಆ ವರ್ಷದ ತೀರ್ಮಾನ ಮಾತ್ರ ಬದಲಾಗಲಿಲ್ಲ.

ಸುದ್ದಿ ಹೇಳಲು ಕರುಣಮ್ಮನವರ ಮನೆಗೆ ಹೋದೆ. ಅವರು ಬೈಯಲಿಲ್ಲ. ಕಾಫಿ ಕೊಟ್ಟು, ನಾನು ಅರ್ಧ ಕುಡಿಯುವವರೆಗೆ ಕಾದು, "ನಿನ್ ಬರವಣಿಗೆ ಚೆನ್ನಾಗೈತೆ ಕಣಮ್ಮ. ಆದ್ರೆ ಅದ್ರಲ್ಲಿ ಅಷ್ಟು ದೂರ ನಡೆದ್ರೂ ಯಾರಿಗೂ ಕಾಲು ನೋಯಾಕಿಲ್ಲ" ಎಂದರು. ಆಮೇಲೆ ಒಂದು ಮಾತು ಕೇಳಿದರು: ಊರಿಗೆ ಬಂದಾಗಲೆಲ್ಲ ಬಂದು ಕೂತು ಕೇಳುತ್ತೀಯಾ, ಬರೆದುಕೊಳ್ಳದೆ?

ಹೋದೆ. ಹದಿನೈದು ದಿನಕ್ಕೊಮ್ಮೆ, ರೈಲಿಳಿದು ನಮ್ಮ ಮನೆಗೆ ಹೋಗುವ ಮೊದಲೇ. ಅವ್ವನಿಗೆ ಹೊಟ್ಟೆಕಿಚ್ಚಾಗುವಷ್ಟು ಸಲ. ಒಂದು ಸಲ ಹೇಳಿದಂತೆ ಇನ್ನೊಂದು ಸಲ ಹೇಳಿದವರಲ್ಲ ಟೀಚರ್. ಯೋಸೇಫ ಒಮ್ಮೆ ಸಿಡುಕ, ಒಮ್ಮೆ ಪಾಪದವನು. ಒಂದು ಬೇಸಿಗೆಯಲ್ಲಿ ಹೇಳಿದಾಗ ಗಂಡಹೆಂಡಿರಿಗೆ ದಾರಿಯುದ್ದಕ್ಕೂ ನೀರೇ ಸಿಗಲಿಲ್ಲ. ಮರುವರ್ಷ ನಿರ್ದೇಶಕರು ಹನ್ನೆರಡನೆಯ ಕಾಲಮ್ಮನ್ನು ತಿದ್ದಿ, 'ಅಥವಾ ಬಂದು ಕೇಳಬೇಕಾದ ಸ್ಥಳ ತಿಳಿಸಿ' ಎಂದು ಸೇರಿಸಿದರು. ಬಂದವರಿಗೆಲ್ಲ ಆ ಹೊಸ ಕೋಣೆಯನ್ನೂ ತೋರಿಸಿದರು. ಅನುದಾನ ಸಿಕ್ಕಿತು, ಮೂವರು ಹುಡುಗಿಯರು ಕಲಿಯಲು ಬಂದರು. ಒಬ್ಬಳು ನರ್ಸಿಂಗಿಗೆ ಹೋದಳು, ಒಬ್ಬಳಿಗೆ ಮದುವೆಯಾಯಿತು, ಇನ್ನೊಬ್ಬಳಿಗೆ ನಾಚಿಕೆ ಬಿಡಲಿಲ್ಲ. ಅಷ್ಟರಲ್ಲಿ ಟೀಚರ ದನಿ ಪಿಸುಮಾತಿಗೆ ಇಳಿದಿತ್ತು. ಈ ಸಲ ಕ್ರಿಸ್‌ಮಸ್ಸಿಗೆ ಮಾದಿಹಳ್ಳಿಯವರು ಕರೆದಾಗ ಅವರು ಚಿಟಿಕೆಯನ್ನು ನನ್ನ ಮಡಿಲಿಗೆ ಹಾಕಿ, ಆ ಪಿಸುಮಾತಿನಲ್ಲೇ, ಹೋಗು ಎಂದರು. ಅವ್ವನನ್ನು ಕೇಳಿದೆ. ಹೊಸ ಸೀರೆ ಉಟ್ಟುಕೊಂಡು ಹೋಗು ಎಂದಳು.

ಹೀಗಾಗಿ ನಿನ್ನೆ ಮಾದಿಹಳ್ಳಿಯಲ್ಲಿ ನಾನು ಮೊದಲ ಸಲ ಕಥೆ ಮಾಡಿದೆ. ಎರಡು ಕಡೆ ಮರೆತೆ. ಚಿಟಿಕೆ ಒಂದು ದಾರಿ, ರುದ್ರಣ್ಣ ಒಂದು ದಾರಿ. ಮುಂದಿನ ಸಾಲಿನಲ್ಲಿ ಶಾಲು ಹೊದ್ದು ಕೂತಿದ್ದ ಟೀಚರು ಒಮ್ಮೆ ಕಣ್ಣು ಮುಚ್ಚಿಕೊಂಡರು. ಭಕ್ತಿಯಿಂದಲೋ ಸಂಕಟದಿಂದಲೋ ಹೇಳಲಾರೆ. ಹೇಗೋ ಮಗು ಹುಟ್ಟಿತು, ಮಂಗಳ ಹಾಡಿದೆ. ಜನ ಏಳುತ್ತಿರುವಾಗ ಗದ್ದೆ ಕೆಲಸ ಮುಗಿಸಿ ಬಂದಿದ್ದ ಒಬ್ಬ ಅಜ್ಜಿ ನನ್ನ ಹತ್ತಿರ ಬಂದಳು.

"ಎಲ್ಲಾ ಸರಿ ಕಣವ್ವ. ಆ ಬಾಣಂತಿಗೆ ನೀರು ಹಾಕ್ದೋರು ಯಾರು?"

ನಾನು ಟೀಚರ ಮುಖ ನೋಡಿದೆ. ಅವರು ಹುಬ್ಬು ಏರಿಸಿದರು. ಕೇಳಿದ ಅಷ್ಟೂ ಸಲದಲ್ಲಿ ಇದು ಬಂದಿರಲಿಲ್ಲ. ಗೊತ್ತಿಲ್ಲ ಅಜ್ಜಿ ಎಂದೆ. ಅಜ್ಜಿಗೆ ಸಿಟ್ಟೇ ಬಂತು. ಗೊತ್ತಿಲ್ಲ ಅಂದರೆ, ಹಸಿ ಬಾಣಂತಿಯನ್ನು ಹಾಗೇ ಬಿಡುವುದುಂಟೇ ಎಂದು ನನ್ನ ಪಕ್ಕದಲ್ಲೇ ಕೂತು ಶುರುಮಾಡಿದಳು: ಹಂಡೆಗೆ ಎಷ್ಟು ನೀರು, ಲಕ್ಕಿಸೊಪ್ಪು ಯಾವಾಗ ಹಾಕಬೇಕು, ಸೊಂಟದ ಮೇಲೆ ನೀರು ಎರಚುವಾಗ ಇನ್ನೊಂದು ಕೈ ಎಲ್ಲಿರಬೇಕು. ಟೀಚರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ನನ್ನ ಚೀಲದಲ್ಲಿ ಪೆನ್ನಿತ್ತು, ತೆಗೆಯಲಿಲ್ಲ. ಹಳೇಬೀಡಿನ ಬಸ್ಸು ಬಂದು ಹಾರ್ನ್ ಹೊಡೆದು ಹೊರಟುಹೋಯಿತು. ನಾವು ಯಾರೂ ಏಳಲಿಲ್ಲ. ಅಜ್ಜಿಯ ಮಾತಿನಲ್ಲಿ ಹಂಡೆಯ ನೀರು ಇನ್ನೂ ಕಾಯುತ್ತಿತ್ತು.