ಬಣ್ಣ ಹಿಡಿಯದ ಮುಚ್ಚಳ

ಹೆಂಡತಿ ತೀರಿಕೊಂಡ ಮೂರನೆಯ ತಿಂಗಳು ಕಾರಿನ ಒಳಗಿನ ಪ್ಲಾಸ್ಟಿಕ್‌ಗೆ ಬಣ್ಣ ಹಚ್ಚಲು ಕುಳಿತೆ. ಕಾರಣ ಮಗಳು. ತೀರಿಕೊಂಡ ದಿನ ಬಸವಕಲ್ಯಾಣದಿಂದ ಹುಮನಾಬಾದಿನ ಆಸ್ಪತ್ರೆಗೆ ಹೊರಟಾಗ ಹೆಂಡತಿ ಮುಂದಿನ ಸೀಟಿನಲ್ಲಿದ್ದಳು, ಮಗಳು ಹಿಂದೆ. ದಾರಿಯಲ್ಲಿ ರಾಜೇಶ್ವರ ಊರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಸ್ಪತ್ರೆಯವರು ಅದನ್ನು ಬಾಯಿಬಿಟ್ಟು ಹೇಳಿದರು, ಅಷ್ಟೆ.

ಆಮೇಲೆ ಮಗಳು ಆ ಕಾರು ಹತ್ತಲಿಲ್ಲ. ಮನ್ನಾಏಖೇಳ್ಳಿಯಲ್ಲಿ ಅವಳ ಮನೆ. ನನ್ನಲ್ಲಿಗೆ ಬರಲು ಹುಮನಾಬಾದಿನವರೆಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ನಾನು ಕಾರು ತರುತ್ತೇನೆ ಎಂದರೆ ಬೇಡ ಎನ್ನುತ್ತಿದ್ದಳು.

"ಒಳಗಿನ ಆ ಜ್ವಾಳದ ಹಿಟ್ಟಿನ ಬಣ್ಣ ನನಗ ನೋಡಾಕ ಆಗಂಗಿಲ್ಲ, ಅಪ್ಪಾ."

ಕಾರು ಮಾರು ಎನ್ನಲಿಲ್ಲ. ಬಣ್ಣ ಎಂದಳು. ಬಣ್ಣವಾದರೆ ಬದಲಿಸಬಹುದು.

ನಾನು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರನಾಗಿದ್ದವನು. ಈ ಕೆಲಸಕ್ಕೂ ವೇಳಾಪಟ್ಟಿ: ಬೆಳಗ್ಗೆ ಆರಕ್ಕೆ ಶುರು, ಹತ್ತಕ್ಕೆ ಬಂದ್. ಬಾಗಿಲುಗಳ ಒಳಹಲಗೆ, ನಡುವಿನ ಪೆಟ್ಟಿಗೆ, ಮುಂದಿನ ಸೀಟಿನೆದುರಿನ ಖಾನೆಯ ಮುಚ್ಚಳ, ಒಂದೊಂದಾಗಿ ಬಿಚ್ಚಿ ಹಿಂದೆ ನಂಬರ್ ಬರೆದೆ. ಸ್ಕ್ರೂಗಳನ್ನು ಹೆಂಡತಿಯ ಟಿಫಿನ್ ಡಬ್ಬಿಯಲ್ಲಿ ಇಟ್ಟೆ. ಸೋಪಿನ ನೀರಿನಲ್ಲಿ ತೊಳೆದೆ, ಸ್ಯಾಂಡ್ ಪೇಪರ್‌ನಿಂದ ಉಜ್ಜಿದೆ, ಒಣಗಿಸಿದೆ, ಪ್ರೈಮರ್ ಹೊಡೆದೆ, ಅದರ ಮೇಲೆ ಕಡುಬೂದಿ ಬಣ್ಣ. ಕೈ ಕೆಲಸ ಮಾಡುತ್ತಿತ್ತು. ನನಗೆ ಏನೂ ಅನ್ನಿಸುತ್ತಿರಲಿಲ್ಲ. ಹತ್ತಕ್ಕೆ ಕೈ ತೊಳೆದು ಊಟಕ್ಕೆ ಏನಿದೆ ನೋಡುತ್ತಿದ್ದೆ.

ಎಲ್ಲ ತುಂಡುಗಳೂ ಬಣ್ಣ ಹಿಡಿದವು. ಖಾನೆಯ ಮುಚ್ಚಳ ಮಾತ್ರ ಹಿಡಿಯಲಿಲ್ಲ. ಬಣ್ಣ ಬಿದ್ದ ಕೂಡಲೇ ಅಲ್ಲಲ್ಲಿ ಸರಿದು ಸಣ್ಣ ಸಣ್ಣ ಕಣ್ಣು ಬಿಡುತ್ತಿತ್ತು. ಒರೆಸಿ, ಉಜ್ಜಿ, ಮತ್ತೆ ಹೊಡೆದೆ. ಮೂರು ಸಲವೂ ಅದೇ.

ನಮ್ಮ ಓಣಿಯ ಪೇಂಟರ್ ನನ್ನ ಹಳೆಯ ವಿದ್ಯಾರ್ಥಿ, ಈಗ ಅವನಿಗೂ ಮೊಮ್ಮಕ್ಕಳಿದ್ದಾರೆ. ಬಂದು ನೋಡಿ ನಕ್ಕ.

"ಸರ್, ನೀವು ಸೀಟಿ ಊದಿದ್ರ ನಾವು ಸಾಲಾಗಿ ನಿಂದರ್ತಿದ್ವಿ. ಬಣ್ಣ ನಿಂದರಂಗಿಲ್ರಿ."

"ಸುಮ್ನ ಕಾರಣ ಹೇಳಪ್ಪಾ. ಎಣ್ಣಿ ಇರಬೇಕೇನು? ನಮ್ಮಾಕಿ ಪ್ರತಿ ಸೋಮವಾರ ಇದರ ಮ್ಯಾಲ ಕೊಬ್ಬರಿ ಎಣ್ಣಿ ಒರಸಿ ವಿಭೂತಿ ಹಚ್ಚತಿದ್ಲು."

ಅವನು ಮುಚ್ಚಳ ಮೂಸಿ ನೋಡಿದ. "ಎಣ್ಣಿ ಆದ್ರ ಸೋಪಿಗೆ ಹೋಗ್ತದ್ರಿ. ಪಾಲಿಶ್ ಹಚ್ಚೀರೇನು, ಆ ಮಿಂಚೋದು?"

ಹಚ್ಚುತ್ತಿದ್ದೆ. ಪ್ರತಿ ಮಂಗಳವಾರ ಬೆಳಗ್ಗೆ, ಅವಳ ಎಣ್ಣೆ ವಿಭೂತಿ ಒರೆಸಿ, ಕಲೆ ಉಳಿಯಬಾರದೆಂದು ಪಾಲಿಶ್. ಆ ಮುಚ್ಚಳಕ್ಕೆ ಮಾತ್ರ. ಎಂಟು ವರ್ಷ, ಒಂದು ವಾರವೂ ತಪ್ಪಿಸಿರಲಿಲ್ಲ. ಅವಳು ಒಮ್ಮೆಯೂ ಯಾಕೆ ಒರೆಸಿದಿರಿ ಎಂದು ಕೇಳಲಿಲ್ಲ. ಸೋಮವಾರ ಮತ್ತೆ ಹಚ್ಚುತ್ತಿದ್ದಳು.

"ಆ ಪಾಲಿಶ್ ಒಳಗ ಕುಂತದ್ರಿ. ಬಿಡ್ರಿ ಸರ್, ಹೊಸಾ ಮುಚ್ಚಳ ತರಸೂಣು."

ಬೇಡ ಎಂದೆ. ಬಣ್ಣ ಕೆರೆದು ತೆಗೆದು, ಹಳೆಯ ಮುಚ್ಚಳವನ್ನು ಹಾಗೆಯೇ ಜೋಡಿಸಿದೆ.

ಭಾನುವಾರ ಹನ್ನೊಂದಕ್ಕೆ, ಮಗಳು ಬಸ್ಸು ಬದಲಿಸುವ ಹೊತ್ತಿಗೆ, ಹುಮನಾಬಾದ್ ಬಸ್ ಸ್ಟ್ಯಾಂಡಿನ ಹೊರಗೆ ಕಾರು ನಿಲ್ಲಿಸಿದೆ. ಅವಳಿಗೆ ಮೊದಲೇ ತಿಳಿಸಿರಲಿಲ್ಲ. ಅವಳು ಇಳಿದು ಬಂದು, ಕಾರು ನೋಡಿ ನಿಂತಳು. ನಾನು ಬಾಗಿಲು ತೆರೆದು ತೋರಿಸಿದೆ. ಬಗ್ಗಿ ನೋಡಿದಳು.

"ನೀನೇ ಮಾಡಿದಿ? ಮನ್ಯಾಗ?"

"ಹ್ಞೂಂ."

"ಇದೊಂದು ಯಾಕ ಬಿಟ್ಟಿದಿ?"

"ಹಿಡೀಲಿಲ್ಲ."

"ಅವ್ವ ಬಿಡಲಿಲ್ಲೇನು?"

"ಅವ್ವ ಅಲ್ಲ. ನಾನ ಪಾಲಿಶ್ ಹಚ್ಚಿದ್ದೆ."

ಬಸವಕಲ್ಯಾಣದ ಬಸ್ಸು ಹಾರ್ನ್ ಹಾಕುತ್ತಿತ್ತು. ಅವಳು ಅತ್ತ ಒಮ್ಮೆ ನೋಡಿ, ಹಿಂದಿನ ಸೀಟಿನಲ್ಲಿ ಕುಳಿತಳು. ಅಂದು ಕುಳಿತ ಜಾಗದಲ್ಲೇ. ನಾನು ಗಾಡಿ ತೆಗೆದೆ. ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಕಿಟಕಿಯ ಗಾಜು ಇಳಿಸಿದೆ.

ರಾಜೇಶ್ವರ ದಾಟಿದ ಮೇಲೆ, "ಅಪ್ಪಾ, ನಿಂದರಸು" ಎಂದಳು.

ಹಿಂದೆ ಬಸ್ಸು ಬರುತ್ತಿದೆಯೇ ಎಂದು ಕನ್ನಡಿಯಲ್ಲಿ ನೋಡಿ, ಪಕ್ಕಕ್ಕೆ ನಿಲ್ಲಿಸಿದೆ. ಇಳಿದಳು. ಸ್ವಲ್ಪ ಹೊತ್ತು ಹೊಲದ ಕಡೆ ಮುಖ ಮಾಡಿ ನಿಂತಳು. ಬಸ್ಸು ಬಂದು ದಾಟಿ ಹೋಯಿತು. ಅದನ್ನು ನಿಲ್ಲಿಸಲು ಅವಳು ಕೈ ಎತ್ತಲಿಲ್ಲ. ಸುತ್ತಿ ಬಂದು ಮುಂದಿನ ಬಾಗಿಲು ತೆಗೆದು, ಮುಚ್ಚಳಕ್ಕೆ ಮೊಣಕಾಲು ತಾಗುವಂತೆ ಕುಳಿತಳು.

ಏನಾದರೂ ಹೇಳಬೇಕಿತ್ತು.

"ಬೆಲ್ಟ್ ಹಾಕೊ" ಎಂದೆ. ಹಾಕಿಕೊಂಡಳು.