ಮೈನ್ ಸ್ವಿಚ್ ಇಳಿಸಿದ ದಿನ

ಆಗ ನನಗೆ ಅರವತ್ತೇಳು. ಮೂರು ವರ್ಷದ ಹಿಂದಿನ ಮಾತು. ಮಗಳ ಬಾಣಂತನಕ್ಕೆಂದು ವಿಸಿಟ್ ವೀಸಾದಲ್ಲಿ ದುಬೈಗೆ ಹೋಗಿದ್ದೆ. ಅಲ್ ಬರ್ಷಾದಲ್ಲಿ ಏಳನೇ ಮಾಳಿಗೆಯ ಫ್ಲ್ಯಾಟು.

ಮಗಳು ಆಸ್ಪತ್ರೆಯಲ್ಲಿ ನರ್ಸ್. ರಜೆ ಮುಗಿಯುವ ಮೊದಲು ಎರಡು ವಾರ ಎದೆಹಾಲು ಹಿಂಡಿ, ಸಣ್ಣ ಚೀಲಗಳಲ್ಲಿ ತುಂಬಿಸಿ ಫ್ರೀಜರಿನಲ್ಲಿ ಇಟ್ಟಿದ್ದಳು. ಅವಳಿಗೆ ಹಾಲು ಕಡಿಮೆ. ಅಷ್ಟು ಚೀಲ ತುಂಬಲು ಪಟ್ಟ ಪಾಡನ್ನು ನಾನೇ ಕಂಡಿದ್ದೇನೆ. ಡಬ್ಬಿ ಹಾಲು ಕುಡಿದರೆ ಮಗು ಕಾರುತ್ತಿತ್ತು.

ಅಳಿಯನಿಗೆ ಕರೆಂಟಿನ ಲೈನಿಗೆ ಹೊಸ ನಮೂನೆಯ ಪೆಟ್ಟಿಗೆ ಕೂರಿಸುವ ಕೆಲಸ. ಊಟಕ್ಕೆ ಕೂತರೆ ಅದೇ ಮಾತು.

"ಮಮ್ಮಿ, ಎಲ್ಲಿಯಾದ್ರೂ ಕೇಬಲ್ ಹೋದ್ರೆ ಆ ಪೆಟ್ಟಿಗೆಗೇ ಗೊತ್ತಾಗ್ತದೆ. ಹಾಳಾದ ತುಂಡು ಬಿಟ್ಟು ಬೇರೆ ಕಡೆಯಿಂದ ಕರೆಂಟ್ ತರ್ತದೆ. ಯಾರೂ ಹೋಗಿ ಮುಟ್ಟಬೇಕಂತಿಲ್ಲ."

"ಲೈನ್‌ಮನ್ ಕಂಬ ಹತ್ತದೆ ಕರೆಂಟ್ ಬರ್ತದಾ? ಸುಮ್ಮನೆ ಉಣ್ಣು ಮಾರಾಯ."

ಊರಿನ ಮನೆಯಲ್ಲಿ ನಮ್ಮದೊಂದು ಕ್ರಮ. ಕರೆಂಟು ಹೋದ ಕೂಡಲೇ ಮೈನ್ ಸ್ವಿಚ್ ಇಳಿಸುವುದು. ಪಕ್ಕದ ಮನೆಯ ಬಲ್ಬು ಉರಿದದ್ದು ಕಂಡ ಮೇಲೆ ಏರಿಸುವುದು. ಒಮ್ಮೆ ಮರೆತಿದ್ದೆ. ಕರೆಂಟು ದುಪ್ಪಟ್ಟು ಬಂದು ಹೊಸ ಫ್ರಿಜ್ ಸುಟ್ಟುಹೋಯಿತು. ಗಂಡನ ಬೈಗುಳ ತಿಂದ ಮೇಲೆ ಮತ್ತೆ ಮರೆಯಲಿಲ್ಲ.

ಮಗಳು ಡ್ಯೂಟಿಗೆ ಹೋದ ಎರಡನೇ ದಿನ. ಆಗಸ್ಟ್ ತಿಂಗಳು. ಹನ್ನೊಂದು ಗಂಟೆಗೆ ಎಸಿ ನಿಂತಿತು, ಫ್ರಿಜ್ಜೂ ನಿಂತಿತು. ಸ್ಟೂಲ್ ಹತ್ತಿ ಗೋಡೆಯ ಪೆಟ್ಟಿಗೆ ತೆರೆದು ದೊಡ್ಡ ಸ್ವಿಚ್ ಇಳಿಸಿದೆ. ಇನ್ನು ಫ್ರಿಜ್ ಸುಡುವುದಿಲ್ಲ, ಹಾಲು ಉಳಿಯಿತು ಎಂದುಕೊಂಡೆ.

ಒಂದು ಗಂಟೆಯಾದರೂ ಕರೆಂಟಿಲ್ಲ. ಪಕ್ಕದ ಮನೆಯ ಬಲ್ಬು ನೋಡುವಾ ಅಂದರೆ ಅಲ್ಲಿ ಎಲ್ಲರ ಬಾಗಿಲೂ ಮುಚ್ಚಿಯೇ ಇರುತ್ತದೆ. ನನ್ನ ಫೋನು ಮನೆಯ ವೈಫೈ ಇದ್ದರೆ ಮಾತ್ರ ಮಾತಾಡುವಂಥದ್ದು, ಅದೂ ಸತ್ತಿತ್ತು. ಮಗು ಬೆವರಿ ಕಿರುಚತೊಡಗಿತು. ಫ್ರೀಜರ್ ತೆರೆದು ಐಸ್ ತೆಗೆದು, ಬಟ್ಟೆ ಒದ್ದೆ ಮಾಡಿ ಮೈ ಒರೆಸಿದೆ. ಮತ್ತೆ ತೆರೆದೆ, ಮತ್ತೆ ಒರೆಸಿದೆ. ಕೊನೆಗೆ ಮಗುವನ್ನೆತ್ತಿಕೊಂಡು ಕಾರಿಡಾರಿನಲ್ಲಿ ಚಾಪೆ ಹಾಸಿ ಕೂತೆ. ಅಲ್ಲಿ ಲೈಟಿತ್ತು, ತಂಪೂ ಇತ್ತು. ಅದಕ್ಕೆ ಜನರೇಟರ್ ಇರಬೇಕು ಅಂದುಕೊಂಡೆ.

ನಾಲ್ಕು ಗಂಟೆಗೆ ಎದುರು ಫ್ಲ್ಯಾಟಿನ ಬ್ಯಾರಿ ಹೆಂಗಸು ಬಾಗಿಲು ತೆರೆದಳು. ಉಳ್ಳಾಲದ ಕಡೆಯವಳು, ನನ್ನನ್ನು ಬಾಯಮ್ಮ ಎಂದೇ ಕರೆಯುವವಳು.

"ಎಂತ ಬಾಯಮ್ಮ, ಇಲ್ಲಿ ಕೂತದ್ದು? ಮಗಳು ಹೊರಗೆ ಹಾಕಿದ್ಳಾ?"

"ಕರೆಂಟಿಲ್ಲ ಮಾರಾಯ್ತಿ, ಹನ್ನೊಂದರಿಂದ."

"ಎಲ್ಲಿ ಇಲ್ಲ? ನಾನು ಎಸಿ ಹಾಕಿ ಮಲಗಿ ಎದ್ದು ಬಂದೆ."

"ನಿಮ್ಮಲ್ಲಿ ಜನರೇಟರ್ ಇರ್ಬೇಕು."

"ಜನರೇಟರಾ! ನನ್ನ ಗಂಡನಿಗೆ ಒಂದು ಸೈಕಲ್ ಇಲ್ಲ!"

ಒಳಗೆ ಬಂದವಳೇ ಸ್ಟೂಲ್ ಹತ್ತಿ ಸ್ವಿಚ್ ಏರಿಸಿದಳು. ಎಸಿ ಗುರ್ ಎಂದಿತು.

"ಖಲಾಸ್. ಹೋದದ್ದು ಒಂದೇ ನಿಮಿಷ ಬಾಯಮ್ಮ. ಬಂದದ್ದನ್ನು ನೀವೇ ಬಾಗಿಲಲ್ಲಿ ನಿಲ್ಲಿಸಿದ್ದು."

ಹಾಲಿನ ಚೀಲಗಳು ಕರಗಿ ನೀರಾಗಿದ್ದವು. ಸಂಜೆ ಮಗಳು ಬಂದು ಮುಟ್ಟಿ ನೋಡಿದಳು. ಒಮ್ಮೆ ಕರಗಿ ಬೆಚ್ಚಗಾದ ಹಾಲು ಮತ್ತೆ ತಣಿಸಿ ಇಡುವಂತಿಲ್ಲ. ಒಂದೊಂದೇ ಚೀಲ ಕತ್ತರಿಸಿ ಸಿಂಕಿಗೆ ಸುರಿದಳು.

"ನಾಳೆ ನನಗೆ ಆಫ್. ನಾಳಿದ್ದು ಮಗುವಿಗೆ ಎಂತ ಕೊಡುವುದು ಮಮ್ಮಿ?" ಎಂದಳು, ಅಷ್ಟೆ.

ಅಳಿಯನಿಗೆ ನಗು ತಡೆಯಲಾಗಲಿಲ್ಲ. "ಇಡೀ ಏರಿಯಾಕ್ಕೆ ತಾನಾಗಿ ಬಂತು ಮಮ್ಮಿ. ನಿಮ್ಮ ಕೈ ಒಂದನ್ನು ದಾಟ್ಲಿಕ್ಕೆ ಆಗ್ಲಿಲ್ಲ."

"ಅಷ್ಟು ಬುದ್ಧಿ ಇರುವ ಪೆಟ್ಟಿಗೆಗೆ, ಬಂದೆ ಅಂತ ಒಂದು ಮಾತು ಹೇಳ್ಲಿಕ್ಕೆ ಬರುವುದಿಲ್ವಾ?" ಎಂದೆ. ತಪ್ಪು ನನ್ನದೇ ಎಂದು ಗೊತ್ತಿತ್ತು. ಎದ್ದುಹೋಗಿ, ಬಾಣಂತಿಗೆ ಎದೆಹಾಲು ಹೆಚ್ಚಲೆಂದು ಕೊಡುವ ಮೆಂತೆ ಒಂದು ಹಿಡಿ ನೆನೆಹಾಕಿದೆ.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು, ತೆಂಗಿನಹಾಲು ಬೆಲ್ಲ ಹಾಕಿ ಮೆಂತೆ ಗಂಜಿ ಬೇಯಿಸಿದೆ. ಮಗಳಿಗೆ ಕಹಿ ಆಗದು. ಬಟ್ಟಲು ಖಾಲಿಯಾಗುವವರೆಗೆ ಅವಳೆದುರು ನಿಂತೆ.