ಅತ್ತಿಗೆಯ ಬಲಗಾಲು

ಗ್ಯಾರೇಜಿನಲ್ಲಿ ಎಲ್ಲರ ಬಾಯಲ್ಲೂ ಅವಳು ಅತ್ತಿಗೆ. ಗ್ಯಾರೇಜು ಮೈದುನನದು, ಅವನು ಕರೆಯುವುದನ್ನು ಕೇಳಿ ಕೇಳಿ ಗಿರಾಕಿಗಳೂ ಹಾಗೇ ಕರೆಯತೊಡಗಿದ್ದರು. ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರಾದ ನಿವೃತ್ತ ಹೆಡ್‌ಮಾಸ್ತರೊಬ್ಬರು ಕೂಡ ಫೋನ್ ಮಾಡಿ, "ಅತ್ತಿಗೆ ಇರ್ತಾರಾ ಇವತ್ತು? ಅವರಿದ್ರೆ ಮಾತ್ರ ಕಾರು ತರ್ತೀನಿ" ಎನ್ನುತ್ತಿದ್ದರು.

ಅಲ್ಲಿ ಅವಳ ಕೆಲಸ ಇಷ್ಟೇ: ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಕಾರು ಹತ್ತುವುದು, ಹಿಂದಿನ ರಸ್ತೆಯಲ್ಲಿ ಎರಡು ಸುತ್ತು ಹೋಗಿ ಬರುವುದು, ಹೇಗಿದೆ ಎಂದು ಹೇಳುವುದು.

ಈಗಿನ ಕಾರುಗಳಲ್ಲಿ ಎಕ್ಸಲರೇಟರಿಗೂ ಎಂಜಿನ್ನಿಗೂ ನಡುವೆ ಕೇಬಲ್ಲಿಲ್ಲ. ಕಾಲು ಎಷ್ಟು ಒತ್ತಿತು ಎಂಬುದನ್ನು ಒಂದು ಸಣ್ಣ ಕಂಪ್ಯೂಟರು ಓದಿ, ಎಂಜಿನ್ನಿಗೆ ಎಷ್ಟು ಗಾಳಿ ಬಿಡಬೇಕೆಂದು ತಾನೇ ತೀರ್ಮಾನಿಸುತ್ತದೆ. ಕಾರ್ಖಾನೆಯಿಂದ ಬರುವಾಗ ಅದು ತುಸು ಸೋಮಾರಿ. ಎರಡು ಸಲ ಕೂಗಿದರೆ ಒಂದು ಸಲ ಓಗೊಡುವ ಜಾತಿ. ಮೈದುನ ಲ್ಯಾಪ್‌ಟಾಪ್ ಸಿಕ್ಕಿಸಿ ಅದರೊಳಗಿನ ಅಂಕಿಗಳನ್ನು ತಿದ್ದುತ್ತಿದ್ದ. ಅವನ ಹತ್ತಿರ ಬರುತ್ತಿದ್ದದ್ದು ರೇಸಿನ ಕಾರುಗಳಲ್ಲ. ಆಫೀಸಿಗೆ, ಶಾಲೆಗೆ, ತರಕಾರಿಗೆ ಹೋಗುವ ಕಾರುಗಳು. ಅಂಕಿ ತಿದ್ದುವುದು ಅವನಿಗೆ ನೀರು ಕುಡಿದಷ್ಟು ಸುಲಭವಾಗಿತ್ತು. ತಿದ್ದಿದ್ದು ಕಾಲಿಗೆ ಹೇಗೆ ಅನ್ನಿಸುತ್ತದೆ ಎಂಬುದು ಮಾತ್ರ ಅವನಿಗೆ ದಕ್ಕುತ್ತಿರಲಿಲ್ಲ. ಅವನದು ಒರಟು ಕಾಲು, ಇಟ್ಟರೆ ಪೂರ್ತಿ ಇಡುವಂಥದು.

ಏಳು ವರ್ಷದ ಹಿಂದೆ ಅವಳು ಅವನ ಊಟದ ಡಬ್ಬಿ ಕೊಡಲು ಹೋದಾಗ ಬಾಗಿಲಿಗೆ ಅಡ್ಡವಾಗಿ ಯಾರದೋ ಕಾರು ನಿಂತಿತ್ತು. ಮೈದುನ ಅದರ ಮೇಲೆ ಸಿಡಿಮಿಡಿಗೊಂಡು ಕೂತಿದ್ದ. ಮೂರು ಸಲ ತಿದ್ದಿದರೂ ಗಿರಾಕಿಗೆ ಒಪ್ಪಿಗೆಯಾಗಿರಲಿಲ್ಲ. ದಾರಿ ಬಿಡಿಸಲೆಂದು ಅವಳೇ ಕಾರನ್ನು ಪಕ್ಕಕ್ಕೆ ತೆಗೆದು, ಕೆಳಗಿಳಿದು ಹೇಳಿದಳು: "ಮೊದಲ ಒಂದು ಬೆರಳಿನಷ್ಟು ಏನೂ ಇಲ್ಲ ನೋಡು. ಆಮೇಲೆ ಹಾಲು ಉಕ್ಕಿದ ಹಾಗೆ ಒಂದೇ ಸಲ ಬರುತ್ತೆ. ನಡುವೆ ಒಂದು ಗಂಟೂ ಇದೆ."

"ಗಂಟಾ?"

"ಗಂಜೀಲಿ ಇರುತ್ತಲ್ಲ, ಹಾಗೆ."

ಮೈದುನ ನಗುತ್ತಲೇ ಲ್ಯಾಪ್‌ಟಾಪ್ ತೆರೆದ. ಆಮೇಲೆ ನಗಲಿಲ್ಲ. ಅಂಕಿಗಳನ್ನು ಪರದೆಯ ಮೇಲೆ ತೋರಿಸುವ ಗೆರೆ ಮೇಲೇರುವ ದಾರಿಯಲ್ಲಿ, ಅವಳು ಹೇಳಿದ ಜಾಗದಲ್ಲೇ, ಗಂಟು ಇತ್ತು.

ಅದರಲ್ಲಿ ಪವಾಡವೇನಿರಲಿಲ್ಲ. ಮೋಟಾರು ಹಾಕಿದ ಹೊಲಿಗೆ ಮಷೀನಿನ ಪೆಡಲನ್ನು ಅವಳು ಹದಿನೈದು ವರ್ಷ ತುಳಿದಿದ್ದಳು. ಜಿಪ್ ಕೂರಿಸುವಾಗ ಸೂಜಿ ಒಂದೊಂದೇ ಹೆಜ್ಜೆ ಇಡುವಂತೆ ಕಾಲಿನ ಹೆಬ್ಬೆರಳಲ್ಲೇ ಹಿಡಿದು ನಿಲ್ಲಿಸಬಲ್ಲವಳು. ಆ ಮಷೀನನ್ನು ಅಟ್ಟಕ್ಕೆ ಹಾಕಿದ್ದು ಅತ್ತೆ ಬಿದ್ದು ಸೊಂಟ ಮುರಿದುಕೊಂಡಾಗ; ಮನೆಯಲ್ಲಿ ಒಬ್ಬರು ಕೆಲಸ ಬಿಡಬೇಕಾಗಿ ಬಂತು, ಯಾರು ಎಂದು ಯಾರೂ ಕೇಳಲಿಲ್ಲ.

ಗಂಟು ಕಂಡುಹಿಡಿದ ಆ ದಿನದಿಂದ ದಿನಾ ಹನ್ನೊಂದಕ್ಕೆ ಮನೆಗೆಲಸ ಮುಗಿಸಿ, ಡಬ್ಬಿ ಹಿಡಿದು ಗ್ಯಾರೇಜಿಗೆ ಬಂದರೆ ಎರಡು ಗಂಟೆಯವರೆಗೆ ಅವಳದೊಂದು ಸ್ಟೂಲು, ಅವಳದೊಂದು ಮಾತು. ಮನೆಯಲ್ಲಿ "ಹೇಗಿದೆ?" ಎಂದು ಕೇಳುವವಳು ಅವಳು, ತಟ್ಟೆಯ ಮುಂದೆ ನಿಂತು, ಕೈಯಲ್ಲಿ ಸೌಟು ಹಿಡಿದು. ಇಲ್ಲಿ ಅವಳು ಕಾರಿನಿಂದ ಇಳಿಯುವ ಮೊದಲೇ ಮೈದುನ ಕಿಟಕಿಗೆ ಬಂದು, "ಹೇಗಿದೆ ಅತ್ತಿಗೆ?" ಎನ್ನುತ್ತಿದ್ದ. ಅವಳು ಉತ್ತರ ಹೇಳುವವರೆಗೆ ಕಾಯುತ್ತಿದ್ದ. ಇಷ್ಟಕ್ಕೇ ಅವಳು ಬೆಳಿಗ್ಗೆ ಐದಕ್ಕೆ ಏಳುತ್ತಿದ್ದಳು ಎಂದರೆ ನಗಬಾರದು.

ಕಳೆದ ವರ್ಷದಿಂದ ಅವಳು ಬರೀ "ಮಂಕಾಗಿದೆ" ಎನ್ನತೊಡಗಿದ್ದಳು. "ಇನ್ನೊಂಚೂರು ಚುರುಕು ಬೇಕು ಕಣಪ್ಪ." ಮೈದುನ ಕೊಡುತ್ತಿದ್ದ. ಕಾಲೇಜು ಹುಡುಗರು ಖುಷಿಯಾದರು, ಮುಟ್ಟಿದರೆ ಹಾರುತ್ತೆ ಎಂದು ಗೆಳೆಯರನ್ನೂ ಕರೆತಂದರು. "ಎಲ್ಲರಿಗೂ ವಯಸ್ಸು ಏರಿದ್ರೆ ನಮ್ಮ ಅತ್ತಿಗೆಗೆ ಇಳೀತಾ ಇದೆ," ಎಂದು ಮೈದುನ ಚೇಷ್ಟೆ ಮಾಡುತ್ತಿದ್ದ.

ಆಗ ಬಂದವಳು ಕೇಕಮ್ಮ. ಮನೆಯಲ್ಲೇ ಕೇಕು ಮಾಡಿ ತಾನೇ ಕಾರಿನಲ್ಲಿ ಸಾಗಿಸುವ ಹೆಂಗಸಿಗೆ ಗ್ಯಾರೇಜು ಇಟ್ಟ ಹೆಸರು ಅದು. ಮೂರು ವರ್ಷದ ಹಿಂದೆ ಅವಳ ಹಳೆಯ ಕಾರನ್ನು ಅತ್ತಿಗೆ ಎಷ್ಟು ಮೆತ್ತಗೆ ಮಾಡಿಸಿದ್ದಳೆಂದರೆ, ಮೂರಂತಸ್ತಿನ ಕೇಕು ಊರಿನ ಆ ತುದಿಗೆ ಹೋದರೂ ಮೇಲಿನ ಹೂವು ಅಲುಗುತ್ತಿರಲಿಲ್ಲ. ಹೋದ ತಿಂಗಳು ಹೊಸ ಕಾರು ತಂದು, "ಹಳೇದರ ಹಾಗೇ ಇರಲಿ" ಎಂದು ಹೇಳಿ ಮಾಡಿಸಿಕೊಂಡು ಹೋಗಿದ್ದಳು. ಈಗ ಮತ್ತೆ ಬಂದು, ಡಿಕ್ಕಿ ತೆರೆದು ಡಬ್ಬದ ಮುಚ್ಚಳ ಎತ್ತಿದಳು. ಕ್ರೀಮೆಲ್ಲ ಒಂದು ಪಕ್ಕಕ್ಕೆ ಜರುಗಿ ಗೋಡೆಗೆ ಬಳಿದ ಹಾಗಿತ್ತು.

"ಇದು ಕೇಕೋ, ಸಿಮೆಂಟು ಕಲಸಿದ್ದೋ, ನೀವೇ ಹೇಳಿ ಅತ್ತಿಗೆ. ಈ ತಿಂಗಳಲ್ಲಿ ಇದು ಮೂರನೇದು."

"ಬನ್ನಿ, ಒಂದು ಸುತ್ತು ನೋಡೋಣ."

ಕೇಕಮ್ಮ ಪಕ್ಕದಲ್ಲಿ ಕೂತಳು. ಅತ್ತಿಗೆ ಬರಿಗಾಲನ್ನು ಪೆಡಲಿನ ಮೇಲಿಟ್ಟು ಮೆಲ್ಲಗೆ ಒತ್ತಿದಳು. ಬೆಣ್ಣೆಯಂತಿದೆ ಅನ್ನಿಸಿತು. ಅಷ್ಟರಲ್ಲಿ ಕೇಕಮ್ಮನ ತಲೆ ಹಿಂದಕ್ಕೆ ಬಡಿದು, ಮಡಿಲಿನ ಚೀಲ ಕೆಳಗೆ ಬಿತ್ತು.

"ನೋಡಿದ್ರಾ?" ಎಂದಳು ಕೇಕಮ್ಮ.

"ಏನನ್ನ?"

ಕೇಕಮ್ಮ ತಿರುಗಿ ಅವಳ ಮುಖವನ್ನೇ ನೋಡಿದಳು. ಅತ್ತಿಗೆ ಏಳು ವರ್ಷದಲ್ಲಿ ಮೊದಲ ಸಲ ಕಾಲನ್ನು ನಂಬುವುದು ಬಿಟ್ಟು ಎದುರಿನ ವೇಗದ ಮುಳ್ಳನ್ನು ನೋಡಿದಳು. ಇಪ್ಪತ್ತರಲ್ಲಿರಬೇಕಾದ ಮುಳ್ಳು ನಲವತ್ತು ದಾಟಿತ್ತು. ಕಾರು ನಿಲ್ಲಿಸಿ, "ನಾಳೆ ತಂದುಬಿಡಿ, ಸರಿ ಮಾಡಿಸ್ತೀನಿ" ಎಂದಳು. ಮೈದುನ ಕಿಟಕಿಗೆ ಬಂದು ಹೇಗಿದೆ ಎಂದ. ತಲೆನೋವು ಎಂದು ಹೇಳಿ ಮನೆಗೆ ಬಂದಳು.

ಅತ್ತೆಗೆ ಹಳೆಯ ಸಕ್ಕರೆ ಕಾಯಿಲೆ, ಹಿಮ್ಮಡಿಯಲ್ಲಿ ಒಣಗದ ಹುಣ್ಣು. ಪ್ರತಿ ಭಾನುವಾರ ಅತ್ತೆಯ ಪಾದವನ್ನು ಮಡಿಲಲ್ಲಿಟ್ಟುಕೊಂಡು, ಉಗುರು ತೆಗೆದು, ಬೆರಳ ಸಂದಿ ಒರೆಸಿ, ಡಾಕ್ಟರು ಹೇಳಿಕೊಟ್ಟಂತೆ ಪೊರಕೆ ಕಡ್ಡಿಯ ತುದಿಯಿಂದ ಅಲ್ಲಲ್ಲಿ ಮುಟ್ಟಿ, "ತಾಕ್ತಾ ಅತ್ತೆ?" ಎಂದು ಕೇಳುವುದು ಅವಳ ಕೆಲಸಗಳಲ್ಲೊಂದು. ಅತ್ತೆಯ ಮಾತ್ರೆಗಳಿಗೆ ಮೂರು ಹೊತ್ತಿಗೆ ಮೂರು ಡಬ್ಬಿ ಮಾಡಿಟ್ಟಿದ್ದಳು. ಅವಳಿಗೂ ಸಕ್ಕರೆ ಇದೆಯೆಂದು ಗೊತ್ತಾಗಿ ಐದು ವರ್ಷವಾಗಿತ್ತು. ಆ ಮಾತ್ರೆಯ ಪಟ್ಟಿ ಉಪ್ಪಿನ ಡಬ್ಬಿಯ ಹಿಂದೆ ಬಿದ್ದಿರುತ್ತಿತ್ತು. ನೆನಪಾದ ದಿನ ಒಂದು.

ಅಂದು ಭಾನುವಾರವಲ್ಲ. ಅವಳು ಪೊರಕೆ ಕಡ್ಡಿ ತಂದು ಅತ್ತೆಯ ಕೈಗೆ ಕೊಟ್ಟು, ತನ್ನ ಬಲಗಾಲನ್ನೇ ಮಂಚದ ಮೇಲಿಟ್ಟು ಕೂತಳು.

"ಇದೇನೇ ಹೊಸ ಆಟ? ಅತ್ತೆ ಮುಂದೆ ಕಾಲು ಚಾಚೋದು?"

"ಒಂದು ಸಲ ಚುಚ್ಚಿ ನೋಡಿ ಅತ್ತೆ. ನಾನೇ ಚುಚ್ಕೊಂಡ್ರೆ ಕೈಗೆ ಗೊತ್ತಾಗಿಬಿಡುತ್ತೆ. ಕಣ್ಣು ಮುಚ್ಕೊಂಡಿರ್ತೀನಿ."

"ಇಷ್ಟು ವರ್ಷ ಬಾಯಲ್ಲಿ ಚುಚ್ಚಿದ್ದು ಸಾಲದಾಯ್ತೇನೋ," ಎನ್ನುತ್ತ ಅತ್ತೆ ಕನ್ನಡಕ ಏರಿಸಿಕೊಂಡರು.

ಅವಳು ಕಣ್ಣು ಮುಚ್ಚಿ ಕಾದಳು. ಫ್ಯಾನಿನ ಸದ್ದು, ಬಚ್ಚಲಲ್ಲಿ ನಲ್ಲಿ ತೊಟ್ಟಿಕ್ಕುವ ಸದ್ದು. ಆ ನಲ್ಲಿ ಸರಿ ಮಾಡಿಸಬೇಕು ಎಂದುಕೊಂಡಳು. ಎಷ್ಟು ಹೊತ್ತಾದರೂ ಅತ್ತೆ ಶುರುಮಾಡಲೇ ಇಲ್ಲ.

"ಚುಚ್ಚಿ ಅತ್ತೆ."

ಅವಳು ಕಣ್ಣು ಬಿಟ್ಟಳು. ಅತ್ತೆಯ ಕೈಯಲ್ಲಿ ಕಡ್ಡಿ ಎರಡು ತುಂಡಾಗಿತ್ತು. ಹೆಬ್ಬೆರಳ ಬುಡದಿಂದ ಅಂಗಾಲಿನ ನಡುವಿನವರೆಗೆ ಸಣ್ಣ ಕೆಂಪು ಚುಕ್ಕೆಗಳ ಸಾಲು ಇತ್ತು.

"ಎಂಟು ಸಲ ಆಯ್ತು ಕಣೇ," ಎಂದರು ಅತ್ತೆ. ಆಮೇಲೆ, ಇಪ್ಪತ್ತಾರು ವರ್ಷದಲ್ಲಿ ಮೊದಲ ಬಾರಿಗೆ, ಅವಳ ಕಾಲನ್ನು ತಮ್ಮ ಸೆರಗಿನಿಂದ ಒರೆಸಿದರು.

ಮರುದಿನ ಅವಳು ಮೈದುನನಿಗೆ ಮುಚ್ಚುಮರೆಯಿಲ್ಲದೆ ಹೇಳಿದಳು. ಮಂಕಾಗಿದ್ದದ್ದು ಕಾರುಗಳಲ್ಲ, ತನ್ನ ಅಂಗಾಲು. ಅದು ಕಿವಿ ಕೇಳಿಸದವರ ಹಾಗೆ ಇನ್ನೂ ಜೋರು, ಇನ್ನೂ ಜೋರು ಎಂದಿತ್ತು, ಅವನು ಕೊಟ್ಟಿದ್ದ.

ಮೈದುನ ಒಂದೊಂದೇ ಫೈಲು ತೆರೆದ. ಪೆಡಲನ್ನು ಐದರಲ್ಲೊಂದು ಪಾಲು ಒತ್ತಿದಾಗ ಎಂಜಿನ್ನಿಗೆ ಬಿಡುವ ಗಾಳಿಯ ಅಂಕಿ ಎರಡು ವರ್ಷದ ಹಿಂದೆ ನೂರಕ್ಕೆ ಹದಿನೆಂಟು. ಹೋದ ಬೇಸಿಗೆಯಲ್ಲಿ ಇಪ್ಪತ್ತಮೂರು. ಕೇಕಮ್ಮನ ಹೊಸ ಕಾರಿನಲ್ಲಿ ಮೂವತ್ತೊಂದು. ಅವಳ ಕಾಲು ಸಾಯುತ್ತ ಹೋದದ್ದು ಅಲ್ಲಿ ತಿಂಗಳು ತಿಂಗಳಿಗೂ ಬರೆದಿಟ್ಟಂತಿತ್ತು.

"ನೋವಿತ್ತಾ ಅತ್ತಿಗೆ?"

"ನೋವಿದ್ದಿದ್ರೆ ಗೊತ್ತಾಗ್ತಿತ್ತಲ್ಲ."

"ಎಲ್ಲರನ್ನೂ ವಾಪಸ್ ಕರೆಸ್ತೀನಿ. ಅಪ್‌ಡೇಟ್ ಬಂದಿದೆ ಅಂತೀನಿ. ನಿಮ್ಮ ಹೆಸರು ಎತ್ತಲ್ಲ."

ಅವನು ಕೆಟ್ಟವನಲ್ಲ. ಹಾಗಾಗಿ ಅವನ ಮೇಲೆ ಸಿಟ್ಟಾಗುವ ಅನುಕೂಲವೂ ಅವಳಿಗಿರಲಿಲ್ಲ. ಅವನು ಅವಳ ಕಾಲು ಚೆನ್ನಾಗಿದ್ದಾಗಿನ ಹಳೆಯ ಫೈಲುಗಳನ್ನೆಲ್ಲ ಜೋಡಿಸಿ, ಸರಾಸರಿ ತೆಗೆದು, ಒಂದೇ ಗೆರೆ ಮಾಡಿದ. ಅದನ್ನು ಕೇಕಮ್ಮನ ಕಾರಿಗೆ ಹಾಕಿ ಕಳಿಸಿದ. ಸಂಜೆಯೊಳಗೆ ಫೋನು ಬಂತು. ಹೂವು ಅಲುಗಿರಲಿಲ್ಲ.

"ನೋಡಿದ್ರಾ, ಇನ್ಮೇಲೆ ನೀವು ಕಷ್ಟಪಟ್ಟು ಬರೋದೇ ಬೇಡ," ಎಂದ ಮೈದುನ, ಒಳ್ಳೆಯ ಸುದ್ದಿ ಕೊಡುವವನ ಮುಖದಲ್ಲಿ. "ನಿಮ್ಮ ಕಾಲು ಇದರಲ್ಲೇ ಇದೆ. ಆರಾಮಾಗಿ ಮನೇಲಿರಿ." ಪರದೆಯ ಮೇಲೆ ಆ ಫೈಲಿನ ಹೆಸರಿತ್ತು: ಅತ್ತಿಗೆ.

ಅವಳು ಖಾಲಿ ಡಬ್ಬಿ ತೆಗೆದುಕೊಂಡು ಎದ್ದಳು. ಮರುವಾರ ಡಬ್ಬಿ ಕೊಡಲು ಹೋದಾಗ ಸ್ಟೂಲಿನ ಮೇಲೆ ಬ್ಯಾಟರಿ ಚಾರ್ಜರು ಕೂತಿತ್ತು.

ಅತ್ತೆಯ ಡಾಕ್ಟರಿಗೇ ಅವಳು ತನ್ನ ಕಾಲನ್ನೂ ತೋರಿಸಿದಳು. ಹೋದ ನರ ವಾಪಸ್ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಿ, ಬರಿಗಾಲಲ್ಲಿ ಓಡಾಡಬೇಡಿ, ಹೆಚ್ಚು ಹೊತ್ತು ನಿಲ್ಲಬೇಡಿ, ಕಾರು ಓಡಿಸಬೇಡಿ ಎಂದರು. ಇದನ್ನೆಲ್ಲ ಅವಳು ರಾತ್ರಿ ಊಟ ಬಡಿಸುತ್ತ, ನಿಂತುಕೊಂಡು, ಗಂಡನಿಗೆ ಹೇಳಿದಳು.

"ನಾನು ಮೊದಲೇ ಹೇಳಿದ್ದೆ, ಆ ಗ್ಯಾರೇಜು ನಿನಗೆ ಯಾಕೆ ಅಂತ," ಎಂದ ಗಂಡ. ಅವನು ಹೇಳಿರಲಿಲ್ಲ. "ಬಿಟ್ಟಿದ್ದು ಒಳ್ಳೇದಾಯ್ತು. ಕಾರು ಗೀರು ಎಲ್ಲ ಬೇಡ ಇನ್ನು." ಒಂದು ತುತ್ತು ನುಂಗಿ ಸೇರಿಸಿದ: "ಗುರುವಾರ ಅಮ್ಮನ್ನ ಡ್ರೆಸಿಂಗಿಗೆ ಕರ್ಕೊಂಡು ಹೋಗ್ತೀಯಲ್ಲ, ಅದಕ್ಕೇನೂ ತೊಂದರೆ ಇಲ್ವಲ್ಲ?"

"ಡಾಕ್ಟರು ಕಾರು ಓಡಿಸಬೇಡಿ ಅಂದಿದ್ದಾರೆ ರೀ."

"ಅಷ್ಟು ಹತ್ತಿರಕ್ಕೆ ಏನಾಗುತ್ತೆ? ನಿಧಾನಕ್ಕೆ ಹೋಗು. ನನಗೆ ಗುರುವಾರ ರಜಾ ಸಿಗಲ್ಲ ಅಂತ ಗೊತ್ತಲ್ಲ. ಬಾಡಿಗೆ ಗಾಡಿ ಹತ್ತಿ ಇಳಿಯೋಕೆ ಅಮ್ಮನಿಗೆ ಆಗಲ್ಲ." ತಟ್ಟೆ ಮುಂದಕ್ಕೆ ಚಾಚಿದ. "ಸ್ವಲ್ಪ ಅನ್ನ ಹಾಕು."

ಅವಳು ಹಾಕಿದಳು. ಸಾಕೆಂದು ಅವನು ಕೈ ಅಡ್ಡ ಹಿಡಿಯುವವರೆಗೆ ಹಾಕಿದಳು.

ಬುಧವಾರ ಮೈದುನ ಮನೆಗೇ ಬಂದು ಅವರ ಮನೆಯ ಕಾರಿಗೂ ಲ್ಯಾಪ್‌ಟಾಪ್ ಸಿಕ್ಕಿಸಿದ. "ನಿಮ್ಮ ಕಾಲನ್ನೇ ನಿಮ್ಮ ಕಾರಿಗೆ ಹಾಕಿದೀನಿ ಅತ್ತಿಗೆ," ಎಂದ. ಈ ಸಲ ಹೇಗಿದೆ ಎಂದು ಕೇಳಲಿಲ್ಲ.

ಗುರುವಾರ ಅವಳು ಅತ್ತೆಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದಿನ ಸೀಟಿನಲ್ಲಿ ಕೂರಿಸಿ, ಬೆನ್ನಿಗೆ ದಿಂಬು ಕೊಟ್ಟು, ಬೆಲ್ಟು ಹಾಕಿ, ತಾನು ಹತ್ತಿದಳು. ಕಾಲಿಗೆ ಡಾಕ್ಟರು ಬರೆದುಕೊಟ್ಟ ದಪ್ಪ ಚಪ್ಪಲಿ ಹಾಕಿದ್ದಳು. ಕಾರು ಹೊರಟದ್ದು ಅವಳಿಗೆ ತಿಳಿದದ್ದು ಗೇಟು ಹಿಂದಕ್ಕೆ ಸರಿದಾಗ. ರಸ್ತೆಯುದ್ದಕ್ಕೂ ಅವಳು ಮುಳ್ಳನ್ನು ನೋಡಿದಳು, ರಸ್ತೆಯನ್ನು ನೋಡಿದಳು, ಮತ್ತೆ ಮುಳ್ಳನ್ನು ನೋಡಿದಳು.

"ಇವತ್ತು ಹೂವಿನ ಹಾಗೆ ಓಡಿಸ್ತಿದೀಯ," ಎಂದರು ಅತ್ತೆ. ಆದರೂ ಬಾಗಿಲ ಮೇಲಿನ ಹಿಡಿಯನ್ನು ಬಿಟ್ಟಿರಲಿಲ್ಲ. ಕೈಯ ನರಗಳು ಉಬ್ಬಿದ್ದವು.

ಸಿಗ್ನಲ್ಲಿನಲ್ಲಿ ನಿಂತಾಗ ಎದುರಿಗೆ ಶಾಲೆಯ ಮಕ್ಕಳು ಒಬ್ಬರ ಚೀಲ ಒಬ್ಬರು ಹಿಡಿದು ಸಾಲಾಗಿ ದಾಟುತ್ತಿದ್ದರು. ಅವಳು ತಲೆ ಬಗ್ಗಿಸಿದಳು.

"ಕೆಳಗೇನು ನೋಡ್ತೀಯೇ? ಮುಂದೆ ನೋಡು."

"ಕಾಲು ಯಾವುದರ ಮೇಲಿದೆ ಅಂತ ನೋಡ್ತಿದ್ದೆ ಅತ್ತೆ."

ಬ್ರೇಕಿನ ಮೇಲಿತ್ತು. ಕಾಲು ಅಲ್ಲಿಂದ ಜಾರದಂತೆ ಅವಳು ಎರಡೂ ಕೈಯಿಂದ ಬಲ ಮಂಡಿಯನ್ನು ಕೆಳಕ್ಕೆ ಒತ್ತಿ ಹಿಡಿದಳು. ಸಾಲಿನಲ್ಲಿ ಇನ್ನೂ ಮಕ್ಕಳಿದ್ದರು. ಹಸಿರು ಬಂತು, ಹಿಂದಿನ ಗಾಡಿಗಳು ಹಾರ್ನ್ ಹೊಡೆಯತೊಡಗಿದವು. ಅವಳು ಕೈ ತೆಗೆಯಲಿಲ್ಲ.